ಸೌಧದ ಗುಮ್ಮಟವೂ ಮಲೆನಾಡಿನ ಮಳೆಯೂ

ತನ್ನ ಸ್ವಂತ ಹಣದಿಂದ ಮನೆ ಕಟ್ಟಿಸಿದವನನ್ನು ಊರಿನವರು ಗೃಹಪ್ರವೇಶದ ದಿನ ಹೊಗಳಿ, ಮರುದಿನ ಆಡಿಕೊಂಡು, ಮೂರನೆಯ ದಿನ ಮರೆತುಬಿಡುವರು. ಸರ್ಕಾರದ ಕಟ್ಟಡಕ್ಕೆ ಆ ಸೌಭಾಗ್ಯವಿಲ್ಲ. ಅದರ ಒಂದೊಂದು ಕಲ್ಲಿನಲ್ಲಿಯೂ ಎಲ್ಲರ ಕಂದಾಯದ ಪಾಲುಂಟು. ಆದುದರಿಂದ ಅದರ ಅಂದಚೆಂದದ ವಿಷಯದಲ್ಲಿ ಮಾತನಾಡುವ ಹಕ್ಕೂ ಎಲ್ಲರಿಗುಂಟು. ಕಟ್ಟುವ ಮೊದಲು ‘ದುಂದುವೆಚ್ಚ’ ಎಂಬ ದೂರು. ಕಟ್ಟುವಾಗ ‘ಇದೇನು ರೂಪ!’ ಎಂಬ ಅಚ್ಚರಿ. ಕಟ್ಟಿ ಮೂವತ್ತು ವರ್ಷ ಕಳೆದ ಮೇಲೆ ಯಾರಾದರೂ ಅದನ್ನು ಕೆಡವಲು ಹೊರಟರೆ, ‘ನಮ್ಮ ಹೆಮ್ಮೆಯ ಕಟ್ಟಡವನ್ನು ಮುಟ್ಟಬೇಡಿ’ ಎಂಬ ಕೂಗು. ನಮ್ಮ ನಾಡಿನ ದೊಡ್ಡ ಕಚೇರಿಗಳೆಲ್ಲವೂ ಹೆಚ್ಚು ಕಡಮೆ ಇದೇ ಹಾದಿಯಲ್ಲಿ ನಡೆದು ಬಂದಿವೆ.

ಸಕಲೇಶಪುರ, ಆಲೂರು ಕಡೆಯ ಗುಡ್ಡಗಳ ನಡುವಿನಿಂದ ಕಾಗದಪತ್ರದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು, ‘ನಾಳೆ ಬನ್ನಿ’ ಎಂಬ ಉತ್ತರ ಪಡೆದ ದಿನ, ಕಬ್ಬನ್ ಪಾರ್ಕಿನ ಮರದ ನೆರಳಿನಲ್ಲಿ ನಿಂತು ಈ ವಾದದ ಎರಡು ಪಕ್ಷಗಳನ್ನೂ ಕಣ್ಣಾರೆ ಕಾಣಬಹುದು. ಅಂಬೇಡ್ಕರ್ ವೀಧಿಯ ಒಂದು ಬದಿಗೆ ಕೆಂಪು ಬಣ್ಣದ ಅಠಾರಾ ಕಚೇರಿ. ಇನ್ನೊಂದು ಬದಿಗೆ ಬೂದುಗಲ್ಲಿನ ವಿಧಾನಸೌಧ. ಒಂದು ಪರಂಗಿಯವರ ಆಳ್ವಿಕೆಯಲ್ಲಿ ಎದ್ದುದು, ಇನ್ನೊಂದು ಸ್ವತಂತ್ರರಾದ ಜನ ಕಟ್ಟಿಕೊಂಡದ್ದು. ನಡುವೆ ಒಂದು ರಸ್ತೆ, ಹೆಚ್ಚು ಕಡಮೆ ತೊಂಬತ್ತು ವರ್ಷಗಳ ಕಾಲ.

ಕೆಂಪು ಕಟ್ಟಡದ ಕಥೆಯನ್ನು ಮೊದಲು ಹೇಳಬೇಕು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡ ಮೇಲೆ, ಕಮಿಷನರರ ಕಚೇರಿಗಳು ಬೆಂಗಳೂರಿನಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ನಡೆಯುತ್ತಿದ್ದವು. ಮರದ ಕಂಬಗಳ ಆ ಅರಮನೆ ಸುಲ್ತಾನನ ವಿಶ್ರಾಂತಿಗೆ ಒಪ್ಪಿದ್ದಿತೇ ಹೊರತು ಗುಮಾಸ್ತರ ಕಡತಗಳಿಗಲ್ಲ. ಲೆವಿನ್ ಬೌರಿಂಗರು ಕಮಿಷನರಾಗಿದ್ದಾಗ, 1864ರಿಂದ 1868ರವರೆಗೆ ಹೊಸ ಕಚೇರಿ ನಿರ್ಮಾಣವಾಯಿತು. ಯೋಜನೆ ರಿಚರ್ಡ್ ಸ್ಯಾಂಕಿಯವರದು. ಗುತ್ತಿಗೆ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರದು. ಗ್ರೀಕರ ದೇಗುಲಗಳನ್ನು ನೆನಪಿಗೆ ತರುವ ಎತ್ತರದ ಕಂಬಗಳು, ಉದ್ದನೆಯ ಮೊಗಸಾಲೆ, ಅಚ್ಚುಕಟ್ಟಾದ ಎರಡು ಅಂತಸ್ತು. ಹದಿನೆಂಟು ಇಲಾಖೆಗಳು ಸೇರಿದ್ದ ಕಾರಣ ‘ಅಠಾರಾ ಕಚೇರಿ’ ಎಂಬ ಹೆಸರು ನಿಂತಿತು. ಕಟ್ಟಡದ ರೂಪ ಗ್ರೀಸಿನದು, ಬಂದುದು ಇಂಗ್ಲೆಂಡಿನ ಮಾರ್ಗವಾಗಿ, ಹೆಸರು ಹಿಂದೂಸ್ತಾನಿ, ಕಟ್ಟಿದ ಕೈಗಳು ಇಲ್ಲಿಯವು. ಇಷ್ಟೆಲ್ಲ ಕಲಬೆರಕೆಯಿದ್ದರೂ ಹಳೆಯ ಮೈಸೂರಿನ ಜನ ಅದನ್ನು ತಮ್ಮ ಕಚೇರಿಯೆಂದೇ ಭಾವಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಪ್ರಶ್ನೆ ಬೇರೆಯಾಯಿತು. ಪ್ರಜೆಗಳ ಶಾಸನಸಭೆಗೂ ಸಚಿವಾಲಯಕ್ಕೂ ಹೊಸದೊಂದು ಮನೆ ಬೇಕಾಯಿತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ಆಗ ಮನಸ್ಸಿನಲ್ಲಿದ್ದ ಯೋಜನೆ ಸರಳವಾದುದು. ಮರುವರ್ಷ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರಿಗೆ ಅದು ಹಿಡಿಸಲಿಲ್ಲ. ಬೆಂಗಳೂರಿಗೆ ಬಂದಿದ್ದ ರಷ್ಯದ ಸಾಂಸ್ಕೃತಿಕ ನಿಯೋಗದವರು ಊರನ್ನೆಲ್ಲ ನೋಡಿ, ‘ಇಲ್ಲಿರುವುದೆಲ್ಲ ಯೂರೋಪಿನ ಮಾದರಿಯ ಕಟ್ಟಡಗಳೇ; ನಿಮ್ಮದೆಂಬುದು ಯಾವುದು?’ ಎಂಬ ಅರ್ಥದ ಮಾತನಾಡಿದರೆಂದೂ, ಅದು ಅವರ ಮನಸ್ಸನ್ನು ಚುಚ್ಚಿತೆಂದೂ ಪ್ರಸಿದ್ಧಿಯಿದೆ. ಯೋಜನೆಯನ್ನು ಬದಲಿಸಲಾಯಿತು. ಬಿ. ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ಏಳು ನೂರು ಅಡಿ ಉದ್ದದ, ಮುನ್ನೂರೈವತ್ತು ಅಡಿ ಅಗಲದ ಸೌಧ ಮೇಲೆದ್ದಿತು. ಬೆಂಗಳೂರಿನ ಸುತ್ತಿನ ಗಟ್ಟಿ ಕಗ್ಗಲ್ಲು. ನಲವತ್ತು ಅಡಿ ಎತ್ತರದ ಹನ್ನೆರಡು ಕಂಬಗಳು. ನೆತ್ತಿಯ ಮೇಲೆ ಅರವತ್ತು ಅಡಿ ವ್ಯಾಸದ ಗುಮ್ಮಟ, ಅದರ ತುದಿಗೆ ನಾಲ್ಕು ಮುಖದ ಸಿಂಹ. ಸಾವಿರಾರು ಮಂದಿ ಕೂಲಿಗಳ ಜತೆಯಲ್ಲಿ ಸೆರೆಮನೆಯ ಕೈದಿಗಳೂ ದುಡಿದರು. 1956ರಲ್ಲಿ ಕೆಲಸ ಮುಗಿಯುವ ವೇಳೆಗೆ ಖರ್ಚು 1 ಕೋಟಿ 75 ಲಕ್ಷ ರೂಪಾಯಿಗಳನ್ನೂ ಮೀರಿದ್ದಿತು.

ಆ ದಿನಗಳ ವಾದವಿವಾದವನ್ನು ಇಂದಿನವರು ಮರೆತಿದ್ದಾರೆ. ಶಾಲೆಗಳಿಗೆ ಸೂರಿಲ್ಲ, ಹಳ್ಳಿಗಳಿಗೆ ದಾರಿಯಿಲ್ಲ, ಇಂತಹ ಬಡ ದೇಶಕ್ಕೆ ಈ ವೈಭವವೇಕೆಂದು ಒಂದು ಪಕ್ಷದವರು ಕೇಳಿದರು. ರಾಜರು ಹೋದ ಮೇಲೆ ಪ್ರಜೆಯೇ ರಾಜ, ಆ ರಾಜನಿಗೆ ಅರಮನೆ ಬೇಡವೇ ಎಂದು ಇನ್ನೊಂದು ಪಕ್ಷದವರು ಮರುನುಡಿದರು. ಖರ್ಚಿನ ವಿಷಯ ವಿಚಾರಣೆಯವರೆಗೂ ಹೋಯಿತು. ಕಟ್ಟಡ ಮುಗಿಯುವ ಮೊದಲೇ, 1956ರ ಆಗಸ್ಟ್ ತಿಂಗಳಿನಲ್ಲಿ, ಹನುಮಂತಯ್ಯನವರು ಅಧಿಕಾರವನ್ನು ಬಿಡಬೇಕಾಗಿ ಬಂದಿತು. ತಾವು ಕಟ್ಟಿಸಿದ ಸೌಧದಲ್ಲಿ ಮುಖ್ಯಮಂತ್ರಿಯಾಗಿ ಕುಳಿತು ಆಳುವ ಯೋಗ ಅವರಿಗಿರಲಿಲ್ಲ. ಅದೇ ನವೆಂಬರಿನಲ್ಲಿ ಕನ್ನಡ ನಾಡುಗಳು ಒಂದಾದವು; ಹಳೆಯ ಮೈಸೂರಿಗೆ ಅತಿಯಾಯಿತೆಂದು ದೂರಿಸಿಕೊಂಡ ಕಟ್ಟಡವೇ ಒಂದುಗೂಡಿದ ರಾಜ್ಯಕ್ಕೆ ಸಾಲದಾಗುತ್ತ ಬಂದಿತು.

ರೂಪದ ವಿಷಯದಲ್ಲಿಯೂ ಭಿನ್ನಾಭಿಪ್ರಾಯ ಕಡಮೆಯಿರಲಿಲ್ಲ. ಬೆಂಗಳೂರಿನಲ್ಲಿ ದ್ರಾವಿಡ ದೇವಾಲಯದ ಕಂಬ, ಬೋದಿಗೆ, ಛಜ್ಜಗಳನ್ನು ಸಚಿವಾಲಯಕ್ಕೆ ತೊಡಿಸುತ್ತಿದ್ದ ಕಾಲದಲ್ಲಿಯೇ, ಪಂಜಾಬಿನ ಹೊಸ ರಾಜಧಾನಿ ಚಂಡೀಗಢಕ್ಕಾಗಿ ಲ ಕಾರ್ಬೂಸಿಯೇ ಎಂಬ ವಾಸ್ತುಶಿಲ್ಪಿ ಯಾವ ಅಲಂಕಾರವೂ ಇಲ್ಲದ ಬರಿಯ ಕಾಂಕ್ರೀಟಿನ ಸಚಿವಾಲಯವನ್ನು ಯೋಚಿಸುತ್ತಿದ್ದನು. ಬೆಂಗಳೂರಿನಲ್ಲಿ ಅಡಿಗಲ್ಲಿಟ್ಟ ನೆಹರೂ ಅವರೇ ಚಂಡೀಗಢದ ಪ್ರಯೋಗಕ್ಕೂ ಬೆಂಬಲವಾಗಿ ನಿಂತವರು. ಹೊಸ ಭಾರತದ ಮುಖ ಹಿಂದಕ್ಕೆ ನೋಡಬೇಕೋ ಮುಂದಕ್ಕೆ ನೋಡಬೇಕೋ ಎಂಬ ಪ್ರಶ್ನೆಗೆ ದೇಶ ಒಂದೇ ಸಮಯದಲ್ಲಿ ಎರಡು ಉತ್ತರಗಳನ್ನು ಕೊಟ್ಟಿತೆನ್ನಬಹುದು. ದೇವಾಲಯದ ಅಂಗಗಳನ್ನು ಕಚೇರಿಗೆ ಅಂಟಿಸುವುದು ವೇಷವೇ ಹೊರತು ವಾಸ್ತುವಲ್ಲವೆಂದು ಹೊಸಬರು ಆಕ್ಷೇಪಿಸಿದರೆ, ಅಲಂಕಾರವಿಲ್ಲದ ಕಟ್ಟಡ ಉಗ್ರಾಣದಂತೆ ಕಾಣುವುದೆಂದು ಹಳಬರು ನಕ್ಕರು.

ಮುಂದಿನ ದಶಕಗಳಲ್ಲಿ ಬೆಂಗಳೂರು ಎರಡನೆಯ ಉತ್ತರದ ಕಡೆಗೆ ವಾಲಿತು. ವಿಧಾನಸೌಧದ ಹಿಂದೆ ಬಹುಮಹಡಿ ಕಚೇರಿ ಬಂದಿತು. 1973ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಮೇಲೆ ಇಪ್ಪತ್ತೈದು ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡ ತಲೆಯೆತ್ತಿತು. ಹಳ್ಳಿಯಿಂದ ಬಂದವರು ಕತ್ತೆತ್ತಿ ಅದರ ಅಂತಸ್ತುಗಳನ್ನು ಎಣಿಸಿದರು. ರಸಿಕರು ‘ಬೆಂಕಿಪೊಟ್ಟಣ’ವೆಂದು ಹಳಿದರು.

ವಿಚಿತ್ರವಾದ ತಿರುವು ಬಂದುದು 1980ರ ದಶಕದ ಮೊದಲ ಭಾಗದಲ್ಲಿ. ವಿಧಾನಸೌಧಕ್ಕೆ ಸಚಿವಾಲಯ ಹೋದ ಮೇಲೆ ಉಚ್ಚ ನ್ಯಾಯಾಲಯದ ನೆಲೆಯಾಗಿದ್ದ ಅಠಾರಾ ಕಚೇರಿ ಹಳತಾಯಿತು, ಇಕ್ಕಟ್ಟಾಯಿತು, ಅದನ್ನು ಕೆಡವಿ ಹೊಸದನ್ನು ಕಟ್ಟಬೇಕೆಂಬ ಪ್ರಯತ್ನ ಆಗ ನಡೆಯಿತು. ಪರಕೀಯರ ಗುರುತೆಂದು ಅದು ಹೋಗಲಿ ಎನ್ನಬಹುದಾಗಿದ್ದ ಜನರೇ ಅದರ ರಕ್ಷಣೆಗೆ ನಿಂತರು. ಸಾರ್ವಜನಿಕ ಹಿತಾಸಕ್ತಿಯ ವ್ಯಾಜ್ಯ ನ್ಯಾಯಾಲಯದ ಮುಂದೆ ಬಂದಿತು. ಯಾವ ಕಟ್ಟಡದ ಅಳಿವು ಉಳಿವು ಚರ್ಚೆಯಲ್ಲಿದ್ದಿತೋ, ಆ ಕಟ್ಟಡವೇ ನ್ಯಾಯಪೀಠದ ಮನೆಯಾಗಿದ್ದಿತು! ಕೊನೆಗೆ ಕೆಂಪು ಕಟ್ಟಡ ಉಳಿಯಿತು. ಬೇಕಾದ ಹೆಚ್ಚಿನ ಜಾಗವನ್ನು ಅದರ ಹಿಂಬದಿಗೆ ಕಟ್ಟಿಕೊಳ್ಳಲಾಯಿತು. ಇನ್ನು ವಿಧಾನಸೌಧದ ದಕ್ಷಿಣಕ್ಕೆ 2005ರಲ್ಲಿ ತೆರೆದ ವಿಕಾಸಸೌಧ ಹೊರನೋಟಕ್ಕೆ ಅದರ ತಮ್ಮನಂತಿದೆ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧವೂ ಗುಮ್ಮಟವನ್ನೇ ಹೊತ್ತು ನಿಂತಿತು. 1956ರಲ್ಲಿ ದುಂದೆನಿಸಿದ್ದುದು ಅರ್ಧ ಶತಮಾನದಲ್ಲಿ ಅನುಕರಣೆಗೆ ಯೋಗ್ಯವಾದ ಮಾದರಿಯಾಯಿತು.

ಈ ಮಾದರಿ ಬೆಂಗಳೂರು, ಬೆಳಗಾವಿಗಳಿಗೆ ನಿಲ್ಲಲಿಲ್ಲ. ತಾಲ್ಲೂಕು ತಾಲ್ಲೂಕಿಗೂ ಹರಡಿತು. ತಹಸೀಲ್ದಾರರ ಕಚೇರಿ, ಉಪನೋಂದಣಿ, ಖಜಾನೆ, ಸರ್ವೇ ಮುಂತಾದವು ಒಂದೇ ಸೂರಿನಡಿ ಇರಬೇಕೆಂಬ ಉದ್ದೇಶದಿಂದ ಕಟ್ಟಿದ ತಾಲ್ಲೂಕು ಕಚೇರಿಗಳಿಗೆ ‘ಮಿನಿ ವಿಧಾನಸೌಧ’ ಎಂಬ ಹೆಸರೇ ಬಂದಿತು. ಈಚಿನ ವರ್ಷಗಳಲ್ಲಿ ‘ಮಿನಿ’ ಎಂಬ ಇಂಗ್ಲಿಷ್ ಪದವನ್ನು ಬಿಟ್ಟು ‘ತಾಲ್ಲೂಕು ಆಡಳಿತ ಸೌಧ’ವೆಂದು ಮರುನಾಮಕರಣವೂ ಆಗಿದೆ. ಉದ್ದೇಶ ಒಳ್ಳೆಯದೇ. ಒಂದು ಖಾತೆ ಬದಲಾವಣೆಗಾಗಿ ಊರಿನ ನಾಲ್ಕು ದಿಕ್ಕಿಗೆ ಅಲೆಯುತ್ತಿದ್ದ ರೈತನಿಗೆ ನಾಲ್ಕೂ ಕಚೇರಿಗಳು ಒಂದೆಡೆ ಸಿಕ್ಕಿದರೆ ಅದಕ್ಕಿಂತ ಉಪಕಾರ ಬೇರೆಯಿಲ್ಲ. ಪ್ರಶ್ನೆಯಿರುವುದು ಉದ್ದೇಶದಲ್ಲಲ್ಲ, ಉಡುಪಿನಲ್ಲಿ. ಬಯಲುಸೀಮೆಗೂ ಮಲೆನಾಡಿಗೂ ಒಂದೇ ಅಳತೆಯ ಅಂಗಿ ಹೊಲಿಯಬಹುದೇ?

ಸಕಲೇಶಪುರದ ಆಸುಪಾಸಿನ ಯಾವುದೇ ತೋಟದ ಮನೆಯ ಜಗಲಿಯಲ್ಲಿ ಇಂಥ ಮಾತುಕತೆಯನ್ನು ಕಲ್ಪಿಸಿಕೊಳ್ಳಬಹುದು. ಕಾಫಿ ಬೆಳೆಗಾರರಾದ ಸೋದರಮಾವ, ಬೆಂಗಳೂರಿನಲ್ಲಿ ಇಂಜಿನಿಯರಾದ ಅಳಿಯ.

“ವಿಧಾನಸೌಧವನ್ನು ಕಂಡರೆ ಇಂದಿಗೂ ನನ್ನ ಎದೆ ಉಬ್ಬುತ್ತದೆ ಕಣಪ್ಪ,” ಎನ್ನುವರು ಮಾವ. “ಅದರ ಚಿಕ್ಕ ರೂಪ ನಮ್ಮ ತಾಲ್ಲೂಕಿಗೂ ಬಂದರೆ ತಪ್ಪೇನು? ತಹಸೀಲ್ದಾರರು ಹೆಂಚಿನ ಮನೆಯಲ್ಲಿಯೇ ಕೂರಬೇಕೆಂದು ವಿಧಿಯುಂಟೇ?”

“ತಪ್ಪು ಗುಮ್ಮಟದ್ದಲ್ಲ ಮಾವ, ಅಳತೆಯದು,” ಎನ್ನುವನು ಅಳಿಯ. “ಏಳು ನೂರು ಅಡಿಯ ಕಟ್ಟಡದ ಮೇಲೆ ಅಷ್ಟು ದೊಡ್ಡ ಗುಮ್ಮಟ ಒಪ್ಪುತ್ತದೆ. ಎರಡಂತಸ್ತಿನ ಕಚೇರಿಯ ಮೇಲೆ ಸಿಮೆಂಟಿನ ಗುಮ್ಮಟ ಕೂರಿಸಿದರೆ, ಮೊಮ್ಮಗನ ತಲೆಗೆ ತಾತನ ಪೇಟ ತೊಡಿಸಿದಂತೆ.”

“ಹಾಗಾದರೆ ನಿಮ್ಮ ಬೆಂಗಳೂರಿನ ಹಾಗೆ ಗಾಜಿನ ಪೆಟ್ಟಿಗೆ ಕಟ್ಟಿಸೋಣವೋ?”

“ಬೇಡಿ ಮಾವ. ಆ ಗಾಜಿನೊಳಗೆ ಹಗಲೆಲ್ಲ ದೀಪ, ಬೇಸಿಗೆಯೆಲ್ಲ ಯಂತ್ರದ ತಂಪು. ಅದರ ವಿದ್ಯುತ್ತಿನ ಬಿಲ್ಲನ್ನು ಕಟ್ಟಿ ಪೂರೈಸದು.”

ಒಳಗಿನಿಂದ ಕಾಫಿ ತಂದ ಅತ್ತೆಯವರು ಇಲ್ಲಿ ಬಾಯಿ ಹಾಕದೆ ಇರಲಾರರು. “ನೀವಿಬ್ಬರೂ ಕಚೇರಿಯನ್ನು ರಸ್ತೆಯಲ್ಲಿ ನಿಂತು ನೋಡುವವರು. ಪಹಣಿಗಾಗಿ ಒಳಗೆ ನಿಂತವಳು ನಾನು. ಆಷಾಢದ ಮಳೆಯಲ್ಲಿ ಒದ್ದೆ ಕೊಡೆಯನ್ನು ಎಲ್ಲಿಡಬೇಕು? ಮಂಡಿನೋವಿನ ಮುದುಕಿ ಮೇಲಿನ ಅಂತಸ್ತಿಗೆ ಹೇಗೆ ಹತ್ತಬೇಕು? ಸರದಿ ಬರುವವರೆಗೆ ಎಲ್ಲಿ ಕೂರಬೇಕು? ಇದಕ್ಕೆ ಉತ್ತರ ಹೇಳಿ, ಆಮೇಲೆ ಗುಮ್ಮಟವಾದರೂ ಇಡಿ, ಗೋಪುರವಾದರೂ ಇಡಿ.”

ಅತ್ತೆಯವರ ಪ್ರಶ್ನೆಗಳಲ್ಲಿ ವಾಸ್ತುಶಾಸ್ತ್ರದ ಅರ್ಧ ಪಾಲು ಅಡಗಿದೆ. ಸಕಲೇಶಪುರದ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 2000 ಮಿಲಿಮೀಟರು. ಬೆಂಗಳೂರಿನ ಮಳೆಯ ಇಮ್ಮಡಿ. ಪೂರ್ವಕ್ಕೆ ಆಲೂರಿನ ಕಡೆ ಸರಿದಂತೆ ಅದು ಇಳಿಯುವುದಾದರೂ ಮಳೆಗಾಲದ ಜಿಟಿಜಿಟಿಗೆ ಅಲ್ಲಿಯೂ ಬಿಡುವಿಲ್ಲ. ಇಂತಹ ನಾಡಿನಲ್ಲಿ ಸಮತಟ್ಟಾದ ಕಾಂಕ್ರೀಟ್ ತಾರಸಿಯ ಮೇಲೆ ನೀರು ನಿಲ್ಲುವುದು, ಪಾಚಿ ಕಟ್ಟುವುದು, ಸಣ್ಣ ಬಿರುಕು ಸಿಕ್ಕಿದಲ್ಲಿ ಒಳಕ್ಕೆ ಇಳಿಯುವುದು ಸಹಜ. ಮಲೆನಾಡಿನಲ್ಲಿ ತಾರಸಿ ಮನೆ ಕಟ್ಟಿದ ಅನೇಕರು ನಾಲ್ಕಾರು ಮಳೆಗಾಲಗಳ ಮೇಲೆ ಅದರ ನೆತ್ತಿಗೆ ತಗಡಿನ ಇಳಿಜಾರು ಮಾಡನ್ನು ಹೊದಿಸುವುದು ಎಲ್ಲರೂ ಕಂಡ ಸಂಗತಿ. ಮೊದಲು ಸೌಧ, ಆಮೇಲೆ ಅದಕ್ಕೊಂದು ಕೊಡೆ!

ಅದೇ ಊರುಗಳ ಹಳೆಯ ಕಟ್ಟಡಗಳನ್ನು ನೋಡಿದರೆ ಬೇರೆಯೇ ವಿವೇಕ ಕಾಣುವುದು. ಕಡಿದಾದ ಇಳಿಜಾರಿನ ಹೆಂಚಿನ ಮಾಡು, ಗೋಡೆಯನ್ನು ಎರಚಲಿನಿಂದ ಕಾಯುವಷ್ಟು ಮುಂದಕ್ಕೆ ಚಾಚಿದ ಸೂರು, ಸೂರಿನ ಕೆಳಗೆ ಉದ್ದಕ್ಕೂ ಜಗಲಿ. ಬಂದವರು ಕಂಬಳಿ ಕೊಪ್ಪೆಯನ್ನು ಅಲ್ಲಿಯೇ ಕೊಡವಿ, ಕುಳಿತು, ತಮ್ಮ ಹೆಸರು ಕೂಗುವವರೆಗೆ ನಾಲ್ಕು ಮಾತನಾಡುತ್ತಿದ್ದರು. ಇವು ಯಾವ ಶೈಲಿಯ ಹೆಸರನ್ನೂ ಹೊತ್ತವಲ್ಲ. ಆದರೆ ಮಳೆಯೊಡನೆ ಜಗಳವಾಡದೆ ಬಾಳುವುದು ಹೇಗೆಂಬುದನ್ನು ಬಲ್ಲವು.

‘ನಮ್ಮದು’ ಎಂಬ ಮಾತನ್ನೂ ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಮಲೆನಾಡಿನ ಮನೆಯೆಂದೊಡನೆ ಕಣ್ಣಿಗೆ ಕಟ್ಟುವ ಮಂಗಳೂರು ಹೆಂಚು ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಗೊತ್ತಿರಲಿಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನಿಯವನು ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದುದು 1865ರಲ್ಲಿ, ಅಂದರೆ ಬೆಂಗಳೂರಿನಲ್ಲಿ ಅಠಾರಾ ಕಚೇರಿಯ ಗೋಡೆಗಳು ಏಳುತ್ತಿದ್ದ ವರ್ಷಗಳಲ್ಲಿಯೇ. ಅದಕ್ಕೆ ಮೊದಲು ಹುಲ್ಲು, ನಾಡ ಹೆಂಚು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಹೊಸ ಹೆಂಚು ಮಳೆಯನ್ನು ಚೆನ್ನಾಗಿ ತಡೆಯಿತು. ಘಟ್ಟ ಹತ್ತಿ ಬಂದು ಮನೆ ಮನೆಯನ್ನೂ ಸೇರಿತು. ಇಂದು ಅದನ್ನು ಪರದೇಶದ್ದೆಂದರೆ ಯಾರೂ ನಂಬರು.

ಇನ್ನೂ ಹಳೆಯ ಸಾಕ್ಷಿ ಬೇಕಾದರೆ ಸಕಲೇಶಪುರದಿಂದ ಮಂಗಳೂರಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಮಂಜರಾಬಾದಿನ ಕೋಟೆಯನ್ನು ಹತ್ತಬೇಕು. ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿಗೂ ಎತ್ತರದ ಗುಡ್ಡದ ಮೇಲೆ, 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಅದು. ನಮ್ಮ ಗಿರಿದುರ್ಗಗಳ ಹಾಗೆ ಬೆಟ್ಟದ ಅಂಚನ್ನು ಹಿಡಿದು ಬಳುಕುವ ಗೋಡೆಯಲ್ಲ; ಫ್ರಾನ್ಸಿನ ದುರ್ಗಶಿಲ್ಪಿಗಳು ಬೆಳೆಸಿದ ಮಾದರಿ. ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆಯ ಬುಡ ಕಾಣುವುದು. ಫಿರಂಗಿಯ ಕಣ್ಣಿಗೆ ಬೀಳದೆ ಶತ್ರು ಅವಿತುಕೊಳ್ಳಲು ಎಡೆಯೇ ಇಲ್ಲ. ಆ ನಕ್ಷತ್ರ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ, ಕೆಲಸಕ್ಕಾಗಿ ಹುಟ್ಟಿದ್ದು. ಅದು ಅಂದವಾಗಿ ಕಂಡುದು ಆಮೇಲೆ. ಸುಲ್ತಾನನು ಬಂದಾಗ ಕೋಟೆ ಮಂಜಿನಲ್ಲಿ ಮುಳುಗಿದ್ದಿತೆಂದೂ ಅದರಿಂದಲೇ ಆ ಹೆಸರು ಬಂದಿತೆಂದೂ ಪ್ರತೀತಿ. ತಾಲ್ಲೂಕಿಗೂ ಒಂದು ಕಾಲದಲ್ಲಿ ಅದೇ ಹೆಸರಿದ್ದಿತು. ಪರದೇಶದ ನಕ್ಷೆಯ ಕೋಟೆ ಊರಿಗೇ ಹೆಸರು ಕೊಡುವಷ್ಟು ಹತ್ತಿರದ್ದಾಯಿತು.

ಹಾಸನ ಜಿಲ್ಲೆಯವರಿಗೆ ದೇಸಿ ಶಿಲ್ಪದ ಹೆಮ್ಮೆಯನ್ನು ಯಾರೂ ಕಲಿಸಬೇಕಾಗಿಲ್ಲ. ಬೇಲೂರು, ಹಳೇಬೀಡುಗಳು ಮನೆಯಂಗಳದಲ್ಲಿವೆ. ಆದರೆ ಅಲ್ಲಿಯ ಶಿಲ್ಪಿ ಕಲಿಸುವ ಪಾಠವೂ ಅದೇ. ಉಳಿಗೆ ಮಣಿಯುವ ಬಳಪದ ಕಲ್ಲು ಸಿಕ್ಕಿತಾಗಿ ಆತ ಕೂದಲೆಳೆಯಷ್ಟು ನಯವಾಗಿ ಕೆತ್ತಿದನು. ವಿಧಾನಸೌಧದವರಿಗೆ ಸಿಕ್ಕಿದುದು ಗಟ್ಟಿ ಕಗ್ಗಲ್ಲು. ಅವರು ಕಲ್ಲಿನ ಗುಣವನ್ನು ಅರಿತು ಗಾತ್ರದಲ್ಲಿ ಘನತೆಯನ್ನು ತೋರಿದರು. ಅದೇ ರೂಪವನ್ನು ಸಿಮೆಂಟಿನ ಗಾರೆಯಲ್ಲಿ ಅಚ್ಚು ಹೊಡೆದು, ಬಣ್ಣ ಬಳಿದು, ಮಳೆಯ ನಾಡಿನಲ್ಲಿ ನಿಲ್ಲಿಸಿದರೆ ಬೇಲೂರೂ ಬರದು, ಬೆಂಗಳೂರೂ ಬರದು.

ಹೀಗೆಂದು ಗುಮ್ಮಟದ ಪಕ್ಷದವರ ಭಾವನೆಯನ್ನು ಹಗುರವಾಗಿ ಕಾಣಬಾರದು. ದೂರದ ತಾಲ್ಲೂಕಿನ ಜನಕ್ಕೆ ತಮ್ಮ ಊರಿನಲ್ಲಿಯೂ ‘ಸೌಧ’ವೊಂದು ಇರಲೆಂಬ ಆಸೆ ಸಣ್ಣತನದ್ದಲ್ಲ, ರಾಜಧಾನಿಯ ಗೌರವದಲ್ಲಿ ತಮಗೂ ಪಾಲಿದೆಯೆಂಬ ನ್ಯಾಯವಾದ ಹಂಬಲ ಅದು. ಆದರೆ ಆ ಗೌರವ ಸಲ್ಲಬೇಕಾದುದು ಕಟ್ಟಡದ ನೆತ್ತಿಗೋ, ಬಾಗಿಲಿಗೆ ಬಂದವನಿಗೋ? ವಿಧಾನಸೌಧದ ಮುಂದಿನ ಭವ್ಯವಾದ ಸೋಪಾನಗಳನ್ನು ಕಂಡು ಬೆರಗಾದ ಹಳ್ಳಿಯವನು ಒಳಗೆ ಹೋಗುವುದು ಬೇರೆ ದಾರಿಯಿಂದ, ಕೈಯಲ್ಲಿ ಪಾಸು ಹಿಡಿದು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಅದರ ನೆತ್ತಿಯಲ್ಲಿ ಕೊರೆಸಿದ ಹನುಮಂತಯ್ಯನವರ ಆಶಯ ದೊಡ್ಡದು. ಆದರೆ ದೇವರ ಕೆಲಸದ ಮನೆಗೆ ಬಂದವರಿಗೆ ಕೂರಲು ಒಂದು ಜಗಲಿಯಾದರೂ ಬೇಡವೇ?

ಬೆಂಗಳೂರಿನ ಕಟ್ಟಡಗಳ ನೂರೈವತ್ತು ವರ್ಷಗಳ ವಾದದಿಂದ ಮಲೆನಾಡಿನವರು ಎರಡು ಮಾತುಗಳನ್ನು ಎತ್ತಿಕೊಳ್ಳಬಹುದು. ಮೊದಲನೆಯದು, ಕೆಡವುವ ಆತುರ ಬೇಡ. ಇಂದು ಹಳೆಯದೆನಿಸಿದ ಹೆಂಚಿನ ಕಚೇರಿ, ಅಂಚೆಮನೆ, ಪ್ರವಾಸಿ ಬಂಗಲೆಗಳನ್ನು ಒಮ್ಮೆ ಉರುಳಿಸಿದರೆ ಅವುಗಳಲ್ಲಿದ್ದ ಮಳೆಯ ವಿದ್ಯೆಯೂ ಮಣ್ಣುಗೂಡುವುದು. ಅಠಾರಾ ಕಚೇರಿಯಂತೆ ಮುಂದಿನ ಭಾಗವನ್ನು ಉಳಿಸಿ, ಬೇಕಾದುದನ್ನು ಹಿಂದೆ ಬೆಳೆಸುವ ದಾರಿ ಇದ್ದೇ ಇದೆ. ಎರಡನೆಯದು, ಹೊಸದನ್ನು ಕಟ್ಟುವಾಗ ನಕ್ಷೆ ರಾಜಧಾನಿಯಿಂದಲೇ ಬರಬೇಕಾಗಿಲ್ಲ. ಇಳಿಜಾರು ಮಾಡು, ಅಗಲವಾದ ಜಗಲಿ, ನೆಲದಂತಸ್ತಿನಲ್ಲಿಯೇ ಜನರ ಕೆಲಸ ಮುಗಿಯುವ ಕಿಟಕಿಗಳು, ಗಾಲಿಕುರ್ಚಿ ಏರುವ ಇಳುಕಲು ದಾರಿ, ಹಗಲಿನ ಬೆಳಕು: ಇವನ್ನು ಮೊದಲು ಬರೆದುಕೊಂಡು, ಉಳಿದ ಹಣದಲ್ಲಿ ಶೃಂಗಾರ ಮಾಡಬಹುದು. ನಕ್ಷೆ ಬರೆಯುವವರು ಜುಲೈ ತಿಂಗಳಿನಲ್ಲಿ ಒಂದು ದಿನ ಆ ಊರಿನ ಕಚೇರಿಯ ಸರದಿಯಲ್ಲಿ ನಿಂತು ಬಂದರೆ ಇನ್ನೂ ಒಳ್ಳೆಯದು.

ರೂಪದ ವಿಷಯದಲ್ಲಿ ಅಭಿಪ್ರಾಯಗಳು ಬೇರೆಬೇರೆಯಾಗಿಯೇ ಇರುವುವು, ಇರಲಿ. ಮಾವನವರು ಗುಮ್ಮಟವನ್ನು ಮೆಚ್ಚಲಿ, ಅಳಿಯನು ಸರಳತೆಯನ್ನು ಮೆಚ್ಚಲಿ. ಮೂವತ್ತು ವರ್ಷಗಳ ಮೇಲೆ ಇಬ್ಬರ ಮಕ್ಕಳೂ ಪಕ್ಷ ಬದಲಾಯಿಸಿದರೆ ಆಶ್ಚರ್ಯವಿಲ್ಲ. ಅತ್ತೆಯವರ ಮೂರು ಪ್ರಶ್ನೆಗಳು ಮಾತ್ರ ಯಾವ ಕಾಲಕ್ಕೂ ಬದಲಾಗುವಂಥವಲ್ಲ. ಮುಂದೆ ಯಾವ ತಾಲ್ಲೂಕಿನಲ್ಲಿ ಹೊಸ ಕಚೇರಿಗೆ ಅಡಿಗಲ್ಲು ಬೀಳುವುದೋ, ಅಲ್ಲಿಯ ನಾಗರಿಕರು ಹಾರತುರಾಯಿಗಳ ಸಂಭ್ರಮ ಮುಗಿಯುವ ಮೊದಲೇ ನಕ್ಷೆಯನ್ನು ಬಿಡಿಸಿ ನೋಡಿ, ಒದ್ದೆ ಕೊಡೆಗೆ ಜಾಗವೆಲ್ಲಿ ಎಂದು ಕೇಳಬೇಕು.